ಬಣ್ಣ ಬಿಟ್ಟರೆ ಗಿರಾಕಿ ಬಿಡುತ್ತಾನೆಯೇ?

ಸಂಜೆ ಆರರ ಹೊತ್ತಿಗೆ ನಿಪ್ಪಾಣಿಯ ಬಸ್ ನಿಲ್ದಾಣದ ಆಸುಪಾಸಿನಲ್ಲಿ, ಇಲ್ಲವೇ ಚಿಕ್ಕೋಡಿಯ ಪೇಟೆಯಲ್ಲಿ ಒಮ್ಮೆ ನಿಂತು ನೋಡಿ. ಗಾಡಿಗಳು ಸಾಲಾಗಿ ಬಂದು ನಿಲ್ಲುತ್ತವೆ. ಕಡಾಯಿಯಲ್ಲಿ ಎಣ್ಣೆ ಕಾಯುತ್ತದೆ. ಪಕ್ಕದ ಬೋಗುಣಿಯಲ್ಲಿ ಕಲಸಿಟ್ಟ ಕೋಳಿಯ ತುಂಡುಗಳು ದೂರದಿಂದಲೇ ಕಣ್ಣಿಗೆ ಹೊಡೆಯುವಷ್ಟು ಕೆಂಪಗಿರುತ್ತವೆ. ಅದು ಮೆಣಸಿನಕಾಯಿಯ ಕೆಂಪಲ್ಲ, ಡಬ್ಬಿಯಿಂದ ಬಂದ ಕೆಂಪು. ರಾಯಬಾಗ, ಅಥಣಿ, ಕಾಗವಾಡಗಳಲ್ಲಿಯೂ ಇದೇ ನೋಟ. ತಿಂದವನ ಬೆರಳಿಗೆ ಅಂಟಿದ ಬಣ್ಣ ಮರುದಿನ ಬೆಳಗ್ಗೆಯೂ ಹೋಗಿರುವುದಿಲ್ಲ. ಬೆರಳಿನ ಬಣ್ಣವೇ ಹೋಗದಿರುವಾಗ ಹೊಟ್ಟೆಗೆ ಹೋದದ್ದು ಏನು ಮಾಡುತ್ತದೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿಕೊಂಡಿದ್ದೇವೆ?

ಈ ಪ್ರಶ್ನೆಯನ್ನು ನಾವು ಬೇರೆಯವರಿಗೆ ಕೇಳುತ್ತಿಲ್ಲ. ಈ ಗಾಡಿಗಳ ಹಿಂದೆ ನಿಂತವರಲ್ಲಿ ನಮ್ಮ ಹುಡುಗರು ಬಹಳ ಮಂದಿ ಇದ್ದಾರೆ, ಮುಂದೆ ನಿಂತ ಗಿರಾಕಿಗಳಲ್ಲಿ ನಮ್ಮ ಮಕ್ಕಳೂ ಇದ್ದಾರೆ. ರಮ್ಜಾನ್ ತಿಂಗಳ ಸಂಜೆ ಈ ಬೋಗುಣಿಗಳು ಇನ್ನಷ್ಟು ದೊಡ್ಡದಾಗುತ್ತವೆ. ಆದ್ದರಿಂದ ಇದು ನಮ್ಮ ಮನೆಯ ಮಾತು. ಮನೆಯ ಮಾತನ್ನು ಮನೆಯವರೇ ಆಡಬೇಕು, ಅದೂ ಗಟ್ಟಿಯಾಗಿ ಆಡಬೇಕು.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107 ಅಸುರಕ್ಷಿತವೆಂದು ಕಂಡುಬಂದಿದ್ದವು. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣದ ಹೆಸರು ಜನರ ಬಾಯಿಗೆ ಬಂದದ್ದು ಆಗಲೇ. ಜೂನ್ ತಿಂಗಳಲ್ಲಿ ಕಬಾಬಿನ ಸರದಿ ಬಂತು. ರಾಜ್ಯದ ಬೇರೆ ಬೇರೆ ಕಡೆಯಿಂದ ತಂದ 39 ಮಾದರಿಗಳಲ್ಲಿ 8ರಲ್ಲಿ ಕೃತಕ ಬಣ್ಣವಿತ್ತು. ಏಳರಲ್ಲಿ ಸನ್‌ಸೆಟ್ ಯೆಲ್ಲೋ, ಒಂದರಲ್ಲಿ ಅದರ ಜೊತೆಗೆ ಕಾರ್ಮೋಸಿನ್. ಚಿಕನ್, ಮೀನು, ತರಕಾರಿ ಯಾವ ಕಬಾಬಿಗೂ ಕೃತಕ ಬಣ್ಣ ಹಾಕಕೂಡದೆಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು.

ಇದಕ್ಕೆ ನಮ್ಮಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಬಂತು. ಎರಡೂ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು ಅನುಮಾನದ್ದು. "ಕಬಾಬ್ ಮಾರುವವರು ಯಾರು ಎಂಬುದು ಎಲ್ಲರಿಗೂ ಗೊತ್ತು, ಇದೂ ನಮ್ಮ ಮೇಲೆಯೇ" ಎಂಬ ಮಾತು. ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. 2022ರ ಯುಗಾದಿಯ ಹೊತ್ತಿಗೆ ಇದೇ ರಾಜ್ಯದಲ್ಲಿ ಹಲಾಲ್ ಮಾಂಸವನ್ನು ಬಹಿಷ್ಕರಿಸಿ ಎಂಬ ಕೂಗು ಎದ್ದಿತ್ತು. ಜಾತ್ರೆಗಳಲ್ಲಿ ಮುಸ್ಲಿಮರ ಅಂಗಡಿಗೆ ಜಾಗ ಕೊಡಬೇಡಿ ಎಂಬ ಫಲಕಗಳು ನಿಂತಿದ್ದವು. ಆ ನೋವನ್ನು ಮರೆಯಿರಿ ಎಂದು ನಾವು ಹೇಳುವುದಿಲ್ಲ. ಆದರೆ ಅದು ಬೇರೆ, ಇದು ಬೇರೆ. ಬಣ್ಣದ ನಿಷೇಧ ಮೊದಲು ಬಂದದ್ದು ಗೋಬಿಗೆ ಮತ್ತು ಮಕ್ಕಳ ಮಿಠಾಯಿಗೆ, ಆಮೇಲೆ ಕಬಾಬಿಗೆ. ಎಲ್ಲ ಏಟನ್ನೂ ಒಂದೇ ಕೈಯ ಏಟೆಂದು ಕಾಣುವ ಅಭ್ಯಾಸವಾದರೆ ನಿಜವಾದ ಏಟು ಬಿದ್ದ ದಿನ ನಮ್ಮ ಮಾತನ್ನು ಯಾರೂ ನಂಬುವುದಿಲ್ಲ. ವಿಷವನ್ನು ವಿಷ ಎನ್ನುವುದಕ್ಕೆ ಹೇಳಿದವರು ಯಾರು ಎಂದು ನೋಡಬೇಕಾಗಿಲ್ಲ.

ಎರಡನೆಯ ಪ್ರತಿಕ್ರಿಯೆ ಅಸಹಾಯಕತೆಯದು. ಗಾಡಿಯ ಹುಡುಗನೊಬ್ಬ ನಮಗೆ ಹೇಳಿದ: "ಕೆಂಪ ಇರಲಿಲ್ಲಂದ್ರ ಗಿರಾಕಿ ಹೊಳ್ಳಿ ನೋಡೂದಿಲ್ರೀ ಸರ. ಬಾಜೂದ ಗಾಡಿಗೆ ಹೋಗ್ತಾನ." ಈ ಮಾತಿನಲ್ಲಿ ಅವನ ಇಡೀ ಬದುಕಿದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಸರಕಾರವೇ ಕೊಟ್ಟ ಲೆಕ್ಕವನ್ನು ಇನ್ನೊಂದು ದಿಕ್ಕಿನಿಂದ ಓದಿ ನೋಡೋಣ. 39ರಲ್ಲಿ 8ರಲ್ಲಿ ಬಣ್ಣವಿತ್ತು ಎಂದರೆ 31ರಲ್ಲಿ ಇರಲಿಲ್ಲ. ಆ 31 ಕಬಾಬುಗಳನ್ನೂ ಯಾರೋ ಮಾಡಿದ್ದರು, ಯಾರೋ ಮಾರುತ್ತಿದ್ದರು, ಯಾರೋ ತಿನ್ನುತ್ತಿದ್ದರು. ಬಣ್ಣವಿಲ್ಲದೆ ವ್ಯಾಪಾರವೇ ಇಲ್ಲ ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತಲ್ಲವೇ?

ಸರಕಾರದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಿಷೇಧವನ್ನು ಪ್ರಕಟಿಸುವಾಗ 7 ವರ್ಷ ಜೈಲು, 10 ಲಕ್ಷ ರೂಪಾಯಿ ದಂಡ ಎಂಬ ಮಾತು ಎಲ್ಲ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂತು. ಆಹಾರ ಸುರಕ್ಷತಾ ಕಾಯ್ದೆಯ 59ನೇ ಕಲಮಿನಲ್ಲಿ ಶಿಕ್ಷೆಗೆ ಹಂತಗಳಿವೆ. ತಿಂದವರಿಗೆ ಹಾನಿಯಾಗದಿದ್ದರೆ ಒಂದು ಶಿಕ್ಷೆ, ಹಾನಿಯಾದರೆ ಇನ್ನೊಂದು, ಸಾವೇ ಸಂಭವಿಸಿದರೆ ಮತ್ತೊಂದು. 7 ವರ್ಷಕ್ಕೆ ಕಡಿಮೆಯಿಲ್ಲದ ಜೈಲು, 10 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ ಎಂಬುದು ಸಾವಿನ ಹಂತದ್ದು. ದಿನಕ್ಕೆ ಹತ್ತು ಕೆಜಿ ಕೋಳಿ ಮಾರುವವನಿಗೆ ಈ ಹಂತಗಳನ್ನು ಯಾರು ಬಿಡಿಸಿ ಹೇಳಿದರು? ಹೇಳದೆ ಹೋದರೆ ಆ ದೊಡ್ಡ ಅಂಕಿ ಗಾಡಿಯ ಮುಂದೆ ನಿಂತು ಕೈಚಾಚುವವರಿಗೆ ಆಯುಧವಾಗುತ್ತದೆ. ಬೋಗುಣಿಯನ್ನು ಚರಂಡಿಗೆ ಸುರಿಸುವುದು ಸುಲಭ. ಬಣ್ಣ ಬಿಟ್ಟು ಹೇಗೆ ಮಾಡುವುದು ಎಂದು ತಾಲೂಕಿಗೊಂದು ದಿನ ಕೂರಿಸಿ ತೋರಿಸುವುದು ಕಷ್ಟ. ಸರಕಾರ ಸುಲಭದ ಕೆಲಸವನ್ನಷ್ಟೇ ಮಾಡಿದರೆ ಅದು ಅರ್ಧ ಕೆಲಸ.

ಇನ್ನು ಬಣ್ಣದ ವಿಚಾರ. ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಎರಡೂ ನಮ್ಮ ದೇಶದಲ್ಲಿ ಪೂರ್ತಿ ನಿಷಿದ್ಧವಲ್ಲ. ಕೆಲವು ಸಿಹಿತಿಂಡಿ, ಐಸ್‌ಕ್ರೀಮ್, ಬಿಸ್ಕತ್ತುಗಳಲ್ಲಿ ಹತ್ತು ಲಕ್ಷ ಭಾಗಕ್ಕೆ 100 ಭಾಗದ ಮಿತಿಯಲ್ಲಿ ಅವಕ್ಕೆ ಅನುಮತಿಯಿದೆ. ಕಬಾಬಿನಲ್ಲಿ ಇಲ್ಲ. "ಬಿಸ್ಕತ್ತಿನಲ್ಲಿ ಆಗುವುದು ಕಬಾಬಿನಲ್ಲಿ ಯಾಕಾಗದು?" ಎಂದು ಕೇಳುವವರಿದ್ದಾರೆ. ಕಾರ್ಖಾನೆ ಅಳೆದು ಹಾಕುತ್ತದೆ, ಗಾಡಿಯವನು ಚಿಟಿಕೆಯಲ್ಲಿ ಹಾಕುತ್ತಾನೆ. ಚಿಟಿಕೆಗೆ ಮಿತಿಯೆಲ್ಲಿದೆ? ಮಿತಿಯೊಳಗಿನದೂ ನಿರಪಾಯ ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 3 ವರ್ಷದ ಮತ್ತು 8-9 ವರ್ಷದ ಮಕ್ಕಳ ಮೇಲೆ ಅಧ್ಯಯನ ನಡೆಸಿದರು. ಕೆಲವು ಕೃತಕ ಬಣ್ಣಗಳನ್ನು ಸೋಡಿಯಂ ಬೆಂಜೋಯೇಟ್ ಜೊತೆ ಕೊಟ್ಟಾಗ ಮಕ್ಕಳ ಚಂಚಲತೆ ಹೆಚ್ಚಿದ್ದು ಅದರಲ್ಲಿ ಕಂಡುಬಂತು. 2010ರಿಂದ ಯುರೋಪಿನ ಒಕ್ಕೂಟದಲ್ಲಿ ಆರು ಬಣ್ಣಗಳಿರುವ ಪೊಟ್ಟಣದ ಮೇಲೆ, ಇದು ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಪರಿಣಾಮ ಬೀರಬಹುದು ಎಂದು ಅಚ್ಚು ಹಾಕಬೇಕು. ನಮ್ಮ ಕಬಾಬಿನಲ್ಲಿ ಸಿಕ್ಕ ಎರಡೂ ಬಣ್ಣಗಳು ಆ ಆರರಲ್ಲಿ ಸೇರಿವೆ. ಅಲ್ಲಿಯ ತಾಯಿಗೆ ಪೊಟ್ಟಣ ಓದಿ ಬೇಡವೆನ್ನುವ ಅವಕಾಶವಿದೆ. ಗಾಡಿಯ ಮುಂದೆ ನಿಂತ ನಮ್ಮ ತಾಯಿಗೆ ಓದಲು ಪೊಟ್ಟಣವೇ ಇಲ್ಲ.

ಹಾಗಾದರೆ ಕೆಂಪು ಬೇಡವೇ? ಬೇಕು. ಆದರೆ ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ರಾಜ್ಯದಲ್ಲಿ ಕುಳಿತು ಡಬ್ಬಿಯ ಕೆಂಪು ಕೊಳ್ಳುವುದಕ್ಕೆ ಏನೆನ್ನಬೇಕು? ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಬ್ಯಾಡಗಿಯ ಗುಣ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅದರ ಬಣ್ಣದ ಸತ್ವವನ್ನು ಕಾರ್ಖಾನೆಗಳು ತೆಗೆದು ಆಹಾರಕ್ಕೂ ಲಿಪ್‌ಸ್ಟಿಕ್ಕಿಗೂ ಬಳಸುತ್ತವೆ. ಖಾರವೇ ಬೇಕೆಂದರೆ ಪಕ್ಕದ ಹುಕ್ಕೇರಿ ತಾಲೂಕಿನ ಸಂಕೇಶ್ವರದ ಹೆಸರಿನಲ್ಲೇ ಒಂದು ಮೆಣಸಿನಕಾಯಿ ಇದೆ. ಜಗತ್ತಿಗೆ ಬಣ್ಣ ಕೊಡುವ ನಾಡು ತಾನು ಮಾತ್ರ ಪುಡಿಯ ಬಣ್ಣ ತಿನ್ನುವುದು ನಾಚಿಕೆಗೇಡು.

ಬರೀ ಉಪದೇಶ ಮಾಡುವುದು ನಮಗೂ ಸರಿಕಾಣಲಿಲ್ಲ. ಆದ್ದರಿಂದ ಕೆಲವು ವಾರ ನಮ್ಮ ಅಡುಗೆಮನೆಗಳಲ್ಲೇ ಮಾಡಿ ನೋಡಿದೆವು. ಮಕ್ಕಳು ಈಗ ಬಯಸುವುದು ಕೆಂಪು ಕಬಾಬನ್ನು ಮಾತ್ರವಲ್ಲ. ದೊಡ್ಡ ಪಟ್ಟಣಗಳ ಗಾಜಿನ ಅಂಗಡಿಗಳಲ್ಲಿ ಸಿಗುವ, ಹೊರಗೆ ಗರಿಗರಿ ಒಳಗೆ ಮೆತ್ತಗಿರುವ ಚಿಕನ್ನೂ ಬೇಕು. ಅಲ್ಲಿಯೇ ಪ್ರಯೋಗ ಶುರುವಾಯಿತು.

ಬರೀ ಮೈದಾ ಹಿಟ್ಟಿನಲ್ಲಿ ಹೊರಳಿಸಿ ಕರಿದರೆ ಬಿಸಿಯಿರುವಾಗ ಗರಿಗರಿ, ಕಾಲು ಗಂಟೆಯಲ್ಲಿ ಚರ್ಮದಂತೆ ಜಗ್ಗುತ್ತದೆ. ಮೈದಾದ ಅಂಟು ಮಾಡುವ ಕೆಲಸವದು. ಬರೀ ಕಡಲೆಹಿಟ್ಟಿನಲ್ಲಿ ರುಚಿ ಚೆನ್ನ, ಆದರೆ ಅದು ಭಜಿಯಾಗುತ್ತದೆ. ಅಕ್ಕಿಹಿಟ್ಟು, ಕಾರ್ನ್‌ಫ್ಲೋರುಗಳಲ್ಲಿ ಆ ಅಂಟಿಲ್ಲ, ಅದಕ್ಕೇ ಗರಿಗರಿ ಉಳಿಯುತ್ತದೆ. ಆದರೆ ಅವಷ್ಟೇ ಇದ್ದರೆ ಲೇಪ ಕಳಚಿ ಎಣ್ಣೆಗೆ ಬೀಳುತ್ತದೆ. ಎರಡು ಪಾಲು ಮೈದಾ, ಒಂದು ಪಾಲು ಅಕ್ಕಿಹಿಟ್ಟು, ಒಂದು ಪಾಲು ಕಾರ್ನ್‌ಫ್ಲೋರು ಕೂಡಿದಾಗ ಹದ ಸಿಕ್ಕಿತು. ಅಥಣಿ ಕಡೆಯ ಅಕ್ಕ ಒಬ್ಬರು ಅಕ್ಕಿಹಿಟ್ಟಿನ ಬದಲು ಸಣ್ಣಗೆ ಜರಡಿ ಹಿಡಿದ ಬಿಳಿಜೋಳದ ಹಿಟ್ಟು ಹಾಕಿದರು. ಕಚ್ಚಿದಾಗ ಮರಳು ಮರಳಾದ ಒಂದು ಗರಿ ಬಂತು, ಜೋಳದ ಪರಿಮಳವೂ ಬಂತು. ನಮಗೆ ಮೆಚ್ಚಿಗೆಯಾದದ್ದು ಅದೇ. ಇನ್ನೊಂದು ಮನೆಯಲ್ಲಿ ತೆಳು ಅವಲಕ್ಕಿಯನ್ನು ಕೈಯಲ್ಲಿ ಪುಡಿಮಾಡಿ, ಮೊಟ್ಟೆಯಲ್ಲಿ ಅದ್ದಿದ ತುಂಡಿಗೆ ಒತ್ತಿದರು. ನೋಡಲು ಚೆಂದ. ಆದರೆ ಬೇಗ ಕರಕಾಗುತ್ತದೆ, ಸಣ್ಣ ತುಂಡಿಗೆ ಮಾತ್ರ ಸರಿ.

ಮಸಾಲೆಯಲ್ಲಿ ಕಲಿತದ್ದು ಇನ್ನೂ ಹೆಚ್ಚು. ನಮ್ಮ ಮನೆಗಳಲ್ಲಿ ಬೇಸಿಗೆಯಲ್ಲಿ ಕುಟ್ಟಿಸಿಡುವ ಮಸಾಲಿ ಖಾರ, ಗಡಿಯಾಚೆಯವರು ಕಾಂದಾ-ಲಸೂಣ ಮಸಾಲಾ ಎನ್ನುವುದು, ಹಿಟ್ಟಿಗೆ ಬೆರೆತು ಕಾದ ಎಣ್ಣೆಗೆ ಬಿದ್ದರೆ ಕಪ್ಪಾಗಿ ಕಹಿಯಾಗುತ್ತದೆ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಒಣಕೊಬ್ಬರಿ ಇವೆಯಲ್ಲ, ಅವು ಬೇಗ ಸುಡುತ್ತವೆ. ಆದ್ದರಿಂದ ಖಾರ, ಉಪ್ಪು, ಬೆಳ್ಳುಳ್ಳಿ ಎಲ್ಲವೂ ನೆನೆಹಾಕುವ ಮಜ್ಜಿಗೆಯಲ್ಲಿರಬೇಕು. ಹಿಟ್ಟಿನಲ್ಲಿ ಉಪ್ಪು, ಕರಿಮೆಣಸು, ಕೊತ್ತಂಬರಿ ಪುಡಿ ಸಾಕು. ಮಸಾಲಿ ಖಾರವನ್ನು ಕರಿದು ತೆಗೆದ ಮೇಲೆ ಬಿಸಿಯಿರುವಾಗಲೇ ಮೇಲೆ ಉದುರಿಸಬೇಕು. ಕೆಂಪಿಗೆ, ಕೆಜಿ ಕೋಳಿಗೆ ಎಂಟು-ಹತ್ತು ಬ್ಯಾಡಗಿ ಮೆಣಸಿನಕಾಯಿಯ ಬೀಜ ತೆಗೆದು, ಬಿಸಿನೀರಲ್ಲಿ ನೆನೆಸಿ, ನುಣ್ಣಗೆ ರುಬ್ಬಿ ಆ ಮಜ್ಜಿಗೆಗೇ ಸೇರಿಸಿದರಾಯಿತು.

ರಾತ್ರಿಯಿಡೀ ಮಜ್ಜಿಗೆಯಲ್ಲಿ ನೆನೆದ ಕೋಳಿ ಮೆತ್ತಗಾಗುತ್ತದೆ. ಒಣಹಿಟ್ಟಿಗೆ ಅದೇ ಮಜ್ಜಿಗೆಯ ಎರಡು ಚಮಚ ಚಿಮುಕಿಸಿ ಬೆರಳಿನಿಂದ ಉದುರಿಸಿದರೆ ಸಣ್ಣ ಸಣ್ಣ ಗಂಟುಗಳಾಗುತ್ತವೆ. ಅಂಗಡಿಯ ಚಿಕನ್ನಿನ ಮೇಲಿನ ಗರಿಯ ಗುಟ್ಟು ಆ ಗಂಟುಗಳೇ. ಹಿಟ್ಟು ಹಚ್ಚಿದ ಮೇಲೆ ಕಾಲು ಗಂಟೆ ಬಿಡಬೇಕು, ಲೇಪ ಹಿಡಿದುಕೊಳ್ಳುತ್ತದೆ. ಎಣ್ಣೆ 170 ಡಿಗ್ರಿ ಆಸುಪಾಸಿನಲ್ಲಿರಬೇಕು. ಹೆಚ್ಚಾದರೆ ಮೇಲೆ ಕರಕು ಒಳಗೆ ಹಸಿ, ಕಡಿಮೆಯಾದರೆ ಎಣ್ಣೆ ಕುಡಿಯುತ್ತದೆ. ಒಳಗಿನ ಮಾಂಸ 74 ಡಿಗ್ರಿ ಮುಟ್ಟಿದರೆ ಬೆಂದಂತೆ. ಅಳೆಯುವ ಉಪಕರಣ ಇಲ್ಲದವರು ಮೂಳೆಯ ಬಳಿ ಚುಚ್ಚಿ ನೋಡಬೇಕು, ಕೆಂಪು ನೀರು ಬರಬಾರದು. ಕರಿದದ್ದನ್ನು ಕಾಗದದ ಮೇಲೆ ಹಾಕಿದರೆ ಅದರ ಹಬೆಯೇ ಅದನ್ನು ಮೆತ್ತಗೆ ಮಾಡುತ್ತದೆ. ಜಾಲರಿಯ ಮೇಲಿಡಬೇಕು. ಇಷ್ಟೇ. ಇದರಲ್ಲಿ ಡಬ್ಬಿಯಿಂದ ಬರಬೇಕಾದದ್ದು ಏನಿದೆ?

ಆದರೂ ಪೇಟೆಯಲ್ಲಿ 'ಕ್ರಿಸ್ಪಿ ಚಿಕನ್ ಮಿಕ್ಸ್' ಎಂಬ ಪೊಟ್ಟಣ ಮಾರುತ್ತಾರೆ, ನಾವು ಕೊಳ್ಳುತ್ತೇವೆ. ಹಿಂದೆ ತಿರುಗಿಸಿ ಓದಿದರೆ ಹೆಚ್ಚಿನಂಶ ಹಿಟ್ಟು, ಪಿಷ್ಟ, ಉಪ್ಪು. ನಮ್ಮ ಡಬ್ಬದಲ್ಲೇ ಇರುವುದನ್ನು ನಮಗೇ ಮೂರು ಪಟ್ಟು ಬೆಲೆಗೆ ಮಾರುವ ವ್ಯಾಪಾರವಿದು. ಇದರ ಹಿಂದೊಂದು ಕತೆಯಿದೆ, ಅದನ್ನೂ ತಿಳಿಯುವುದು ಒಳ್ಳೆಯದು.

ಹಿಟ್ಟು ಹಚ್ಚಿ ಕರಿದ ಕೋಳಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬೆಳೆದದ್ದು ಬಹುಪಾಲು ಗುಲಾಮರಾಗಿದ್ದ ಕಪ್ಪು ಹೆಂಗಸರ ಕೈಯಲ್ಲಿ. ಗುಲಾಮಗಿರಿ ಹೋದ ಮೇಲೆ ವರ್ಜೀನಿಯಾದ ಗಾರ್ಡನ್ಸ್‌ವಿಲ್ ಎಂಬ ಊರಿನ ರೈಲುನಿಲ್ದಾಣದಲ್ಲಿ ಕಪ್ಪು ಹೆಂಗಸರು ತಲೆಯ ಮೇಲೆ ತಟ್ಟೆ ಹೊತ್ತು, ಕಿಟಕಿಯಲ್ಲಿ ಕೈಚಾಚಿದ ಪ್ರಯಾಣಿಕರಿಗೆ ಕರಿದ ಕೋಳಿ ಮಾರಿ ಸಂಸಾರ ನಡೆಸಿದರು. ಆ ಹೆಂಗಸರ ಹೆಸರು ಜಗತ್ತಿಗೆ ತಿಳಿಯಲಿಲ್ಲ. 1952ರಲ್ಲಿ ಹಾರ್ಲೆಂಡ್ ಸ್ಯಾಂಡರ್ಸ್ ಎಂಬಾತ ತನ್ನ ಹನ್ನೊಂದು ಮಸಾಲೆಯ ಗುಟ್ಟನ್ನು ಮೊದಲ ಹೋಟೆಲಿಗೆ ಪರವಾನಗಿಯಾಗಿ ಕೊಟ್ಟ, 1964ರಲ್ಲಿ ಕಂಪನಿಯನ್ನು 20 ಲಕ್ಷ ಡಾಲರಿಗೆ ಮಾರಿದ. ಡಬ್ಬಿಯ ಮೇಲೆ ಬಿಳಿಗಡ್ಡದ ಅವನ ಮುಖ ಉಳಿಯಿತು.

ಅದೇ ಕಂಪನಿ ಭಾರತಕ್ಕೆ ಮೊದಲು ಕಾಲಿಟ್ಟದ್ದು ನಮ್ಮ ಬೆಂಗಳೂರಿನಲ್ಲಿ, 1995ರಲ್ಲಿ, ಬ್ರಿಗೇಡ್ ರಸ್ತೆಯಲ್ಲಿ. ಮಸಾಲೆಯಲ್ಲಿ ಅಜಿನೊಮೊಟೊ ಮಿತಿ ಮೀರಿದೆ ಎಂದು ಮಹಾನಗರಪಾಲಿಕೆ ಅದರ ಪರವಾನಗಿ ರದ್ದುಮಾಡಿತು, ಅಂಗಡಿ ನ್ಯಾಯಾಲಯದ ಮೂಲಕ ಮತ್ತೆ ತೆರೆಯಿತು. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘದವರು ಅದಕ್ಕೆ ನುಗ್ಗಿ ಧ್ವಂಸ ಮಾಡಿದರು. ಕಲ್ಲು ಹೊಡೆಯುವುದನ್ನು ನಾವು ಒಪ್ಪುವುದಿಲ್ಲ. ಆದರೆ ಆಗ ಎದ್ದ ಪ್ರಶ್ನೆ ಇಂದಿಗೂ ಉಳಿದಿದೆ: ನಮ್ಮ ನೆಲದ ಕಾಳು, ನಮ್ಮ ಊರಿನ ಕೋಳಿ, ಲಾಭ ಮಾತ್ರ ಯಾರದು? ಅಂದು ಅಂಗಡಿ ಒಡೆದೆವು, ಇಂದು ಅದರ ಮುಂದೆ ಸಾಲು ನಿಂತಿದ್ದೇವೆ. ಎರಡರಲ್ಲೂ ನಮ್ಮ ಅಡುಗೆಮನೆಯ ಕಡೆ ತಿರುಗಿ ನೋಡಲಿಲ್ಲ.

ನಮ್ಮಲ್ಲಿಯೂ ಗಾರ್ಡನ್ಸ್‌ವಿಲ್‌ನ ಕತೆಯೇ ನಡೆದಿದೆ. ಗಾಡಿಯ ಫಲಕದ ಮೇಲೆ ಗಂಡಸಿನ ಹೆಸರಿರುತ್ತದೆ. ಬೆಳಗ್ಗೆ ಕೋಳಿ ತೊಳೆದು, ಮಸಾಲೆ ಅರೆದು, ಕಲಸಿ ಕೊಡುವವರು ಮನೆಯ ಹೆಂಗಸರು, ಅಮ್ಮಿಯೋ ಆಪಾನೋ ಭಾಭಿಯೋ. ಎಷ್ಟು ಉಪ್ಪು, ಎಷ್ಟು ಹೊತ್ತು ಎಂಬ ತಿಳುವಳಿಕೆ ಅವರ ಕೈಯಲ್ಲಿದೆ. ಬಣ್ಣದ ಡಬ್ಬಿ ತಂದುಕೊಡುವವನು ಗಂಡಸು. "ಇದನ್ನೂ ಹಾಕು" ಎಂದಾಗ ಅವರು ಹಾಕುತ್ತಾರೆ. ಈ ನೆಲದ ಹೆಣ್ಣುಮಕ್ಕಳು ಬಾಯಿಲ್ಲದವರಲ್ಲ. 1980ರ ದಶಕದಲ್ಲಿ ನಿಪ್ಪಾಣಿಯ ತಂಬಾಕು, ಬೀಡಿ ಕೆಲಸದ ಹೆಂಗಸರು ಸಂಘಟಿತರಾಗಿ ಕೂಲಿಗಾಗಿ, ಮರ್ಯಾದೆಗಾಗಿ ಬೀದಿಗಿಳಿದಿದ್ದರು. ತಂಬಾಕಿನ ಧೂಳು ಎದೆಗೆ ಏನು ಮಾಡುತ್ತದೆ ಎಂದು ಅರಿತವರಿಗೆ ಬಣ್ಣದ ಪುಡಿ ಹೊಟ್ಟೆಗೆ ಏನು ಮಾಡಬಹುದು ಎಂದು ತಿಳಿಸಿ ಹೇಳಿದರೆ ಸಾಕು. ಆ ಡಬ್ಬಿಯನ್ನು ಹೊಸ್ತಿಲಾಚೆಯೇ ತಡೆಯಬಲ್ಲವರು ಅವರು. ಆದರೆ ಅವರನ್ನು ಕೇಳಿದವರು ಯಾರು? ಆಹಾರ ಸುರಕ್ಷತೆಯ ತಿಳುವಳಿಕೆಯೆಲ್ಲ ಗಾಡಿಯ ಗಂಡಸಿನೊಂದಿಗೇ ಮುಗಿಯುತ್ತದೆ.

ಕೆಲವರು ಖರ್ಚಿನ ಮಾತೆತ್ತುತ್ತಾರೆ. ಚಿಟಿಕೆ ಬಣ್ಣಕ್ಕಿಂತ ಮೆಣಸಿನಕಾಯಿ ದುಬಾರಿ, ನಿಜ. ಆದರೆ ಬ್ಯಾಡಗಿ ಹಾಕಿದಲ್ಲಿ ಬರೀ ಬಣ್ಣ ಬರುವುದಿಲ್ಲ, ರುಚಿಯೂ ಬರುತ್ತದೆ, ಖಾರದ ಪುಡಿಯ ಖರ್ಚೂ ಅಷ್ಟು ಕಡಿಮೆಯಾಗುತ್ತದೆ. ನಿಜವಾದ ಉಳಿತಾಯ ಮಾಡುತ್ತಿರುವುದು ಎಣ್ಣೆಯಲ್ಲಿ, ಅದೇ ದೊಡ್ಡ ತಪ್ಪು. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿ ಕೆಟ್ಟ ವಸ್ತುಗಳು ಸೇರುತ್ತವೆ. ಅವುಗಳ ಪ್ರಮಾಣ ಶೇಕಡಾ 25 ಮೀರಿದರೆ ಆ ಎಣ್ಣೆ ಬಳಸಕೂಡದೆಂದು 2018ರ ಜುಲೈ 1ರಿಂದ ನಿಯಮವಿದೆ. ಕರಿ ಎಣ್ಣೆಯಲ್ಲಿ ಬೆಂದ ತುಂಡಿನ ಕಪ್ಪನ್ನು ಮುಚ್ಚುವುದಕ್ಕೂ ಕೆಂಪು ಬಣ್ಣ ನೆರವಾಗುತ್ತದೆ ಎಂಬುದನ್ನು ಮರೆಯಬಾರದು. ಬಣ್ಣ ಹೋದರೆ ಎಣ್ಣೆಯ ಬಣ್ಣವೂ ಗಿರಾಕಿಗೆ ಕಾಣುತ್ತದೆ. ಕೆಲವರಿಗೆ ಬಣ್ಣ ಬಿಡಲು ಇಷ್ಟವಿಲ್ಲದ್ದು ಈ ಕಾರಣಕ್ಕೂ ಇರಬಹುದು.

ಇನ್ನು ಕೆಲವರು, "ಇದು ಮನೆಯ ಶೋಕಿ, ಬೀದಿಯಲ್ಲಿ ನಡೆಯದು" ಎನ್ನುತ್ತಾರೆ. ಮಜ್ಜಿಗೆಯಲ್ಲಿ ನೆನೆಹಾಕುವುದು ಹಿಂದಿನ ರಾತ್ರಿಯ ಕೆಲಸ. ಹಿಟ್ಟು ಬೆರೆಸಿಡುವುದು ಬೆಳಗಿನ ಕೆಲಸ. ಗಾಡಿಯ ಮೇಲೆ ಹೊರಳಿಸಿ ಕರಿಯುವುದಷ್ಟೇ ಉಳಿಯುತ್ತದೆ. ನೆನೆದ ಕೋಳಿಯನ್ನು ಮಾತ್ರ ತಂಪಿನಲ್ಲಿಡಬೇಕು, ಬಿಸಿಲಲ್ಲಿ ತೆರೆದಿಡಬಾರದು. ಇದು ಬಣ್ಣ ಹಾಕಿದ ಕೋಳಿಗೂ ಅನ್ವಯಿಸುವ ಮಾತೇ.

1956ರಲ್ಲಿ ಈ ತಾಲೂಕುಗಳು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದವು. ಅಂದಿನಿಂದ ಫಲಕದ ಭಾಷೆಗಾಗಿ, ಊರಿನ ಹೆಸರಿಗಾಗಿ ಜಗಳ ನಿಂತಿಲ್ಲ. ಆದರೆ ಕಡಾಯಿಯ ವಿಚಾರದಲ್ಲಿ ಇಲ್ಲಿಯ ಜನ ಎಂದೂ ಜಗಳವಾಡಲಿಲ್ಲ. ಕೊಲ್ಲಾಪುರದ ತಾಂಬಡಾ ರಸ್ಸಾ ಇತ್ತ ಬಂತು, ಬ್ಯಾಡಗಿಯ ಮೆಣಸಿನಕಾಯಿ ಅತ್ತ ಹೋಯಿತು. ದಖನಿ ಮಾತಾಡುವ ಮನೆಯ ದಾವತ್ತಿನಲ್ಲಿ ಕನ್ನಡದವರೂ ಮರಾಠಿಯವರೂ ಪಂಕ್ತಿಯಲ್ಲಿ ಕುಳಿತರು. ಇಷ್ಟು ಕೈಗಳು ಸೇರಿ ಮಾಡಿದ ರುಚಿಯನ್ನು ಒಂದು ಡಬ್ಬಿ ಪುಡಿಗೆ ಒಪ್ಪಿಸಿ ಕೂಡುವುದು ನಮಗೆ ಶೋಭಿಸುವುದಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಸರಳವಾಗಿದೆ. ಗಾಡಿಯವರು ತಾವಾಗಿಯೇ, ದಾಳಿ ಬರುವ ಮೊದಲೇ, ಬಣ್ಣ ಬಿಡಲಿ. ಊರಿನ ಗಾಡಿಗಳೆಲ್ಲ ಒಂದೇ ದಿನ ಬಿಟ್ಟರೆ ಬಾಜೂದ ಗಾಡಿಯ ಭಯ ಉಳಿಯುವುದಿಲ್ಲ. ಜಮಾತಿನ ಹಿರಿಯರು ಮದುವೆ, ದಾವತ್ತುಗಳ ಅಡುಗೆಯವರಿಗೆ ಮೊದಲೇ ಹೇಳಲಿ. ತಾಲೂಕಿನ ಅಧಿಕಾರಿಗಳು ದಂಡದ ಪುಸ್ತಕದ ಜೊತೆಗೆ ಒಂದು ಒಲೆಯನ್ನೂ ತರಲಿ, ಮನೆಯ ಹೆಂಗಸರನ್ನು ಕರೆದು ಮಾತಾಡಲಿ. ಗಿರಾಕಿಗಳಾದ ನಾವು, "ಬಣ್ಣ ಹಾಕೀರೇನು?" ಎಂದು ಕೇಳಿ ಕೊಳ್ಳೋಣ.

ಆ ಹುಡುಗನಿಗೆ ನಾವು ಮನೆಯಲ್ಲಿ ಮಾಡಿದ ಜೋಳದ ಹಿಟ್ಟಿನ ಎರಡು ತುಂಡು ಕೊಟ್ಟೆವು. ತಿಂದ. ಬೆರಳು ನೋಡಿಕೊಂಡ, ಕೆಂಪಾಗಿರಲಿಲ್ಲ. "ರುಚಿ ಐತ್ರೀ, ಖರೇ," ಎಂದ, "ಆದ್ರ ನಾ ಒಬ್ಬನ ಬಿಟ್ರ ಹೆಂಗ?" ಅವನೊಬ್ಬನೇ ಬಿಡುವಂತೆ ಮಾಡುವುದು ಅನ್ಯಾಯ. ಎಲ್ಲರೂ ಬಿಡುವಂತೆ ಮಾಡುವುದು ಈಗ ನಮ್ಮೆಲ್ಲರ ಹೊಣೆ.